ವಂಶಾವಳಿ ಗೊತ್ತು, ವಿಳಾಸ ಗೊತ್ತಿಲ್ಲ: ಕುದುರೆ ಹುಟ್ಟಿಸುವವರ ಹೊಣೆ

2009ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲೈಮ್ಯಾಕ್ಸ್ ಎಂಬ ಸಣ್ಣ ಊರಿನ ಕುದುರೆ ಫಾರ್ಮ್ ಒಂದಕ್ಕೆ ಪೊಲೀಸರೂ ಪ್ರಾಣಿದಯಾ ಸಂಘದವರೂ ಒಟ್ಟಿಗೆ ಹೋದರು. ಒಳಗೆ 177 ಕುದುರೆಗಳಿದ್ದವು. ಹಲವು ಕುದುರೆಗಳು ಪಕ್ಕೆಲುಬು ಎದ್ದು, ಸೊಂಟದ ಮೂಳೆ ಮೊನಚಾಗಿ ನಿಂತಿದ್ದವು. ಮೈಯಲ್ಲಿ ಹೇನು, ಹೊಟ್ಟೆಯಲ್ಲಿ ಜಂತು. ಫಾರ್ಮಿನ ಒಡೆಯನೇನೂ ಬರಗಾಲಕ್ಕೆ ಸಿಕ್ಕಿದ ಬಡ ರೈತನಲ್ಲ. ಅರ್ನಿ ಪ್ಯಾರಗ್ಯಾಲೊ ಎಂಬ ಆತ ಅಮೆರಿಕದ ರೇಸ್ ಲೋಕದಲ್ಲಿ ಹೆಸರು ಮಾಡಿದ್ದ ಮಾಲೀಕ ಮತ್ತು ಬ್ರೀಡರ್, ಅಂದರೆ ಕುದುರೆ ಹುಟ್ಟಿಸಿ ಮಾರುವವನು. 1995ರ ಬ್ರೀಡರ್ಸ್ ಕಪ್ ಜುವೆನೈಲ್ ರೇಸನ್ನು ಗೆದ್ದು, ಮರುವರ್ಷ ಕೆಂಟಕಿ ಡರ್ಬಿಯಲ್ಲಿ ಜೂಜುಗಾರರ ಮೊದಲ ಆಯ್ಕೆಯಾಗಿ ಓಡಿದ ಅನ್‌ಬ್ರೈಡಲ್ಡ್ಸ್ ಸಾಂಗ್ ಆತನ ಲಾಯದ ಕುದುರೆ. ಅದು ಬೀಜದ ಕುದುರೆಯಾದ ಮೇಲೆ ಒಂದು ಹೆಣ್ಣು ಕುದುರೆಯನ್ನು ಅದಕ್ಕೆ ಬಿಡಿಸಲು ಒಂದು ಹಂತದಲ್ಲಿ ಎರಡು ಲಕ್ಷ ಡಾಲರ್ ಶುಲ್ಕವಿತ್ತು.

ಪೊಲೀಸರು ಫಾರ್ಮಿಗೆ ಹೋಗುವ ಮೊದಲೇ ಸುಳಿವು ಸಿಕ್ಕಿತ್ತು. ಆತನಿಗೆ ಸೇರಿದ ಇಪ್ಪತ್ತರಷ್ಟು ಹೆಣ್ಣು ಕುದುರೆಗಳು ಕಸಾಯಿಖಾನೆಗೆ ಕುದುರೆ ಹೊಂದಿಸುವ ವ್ಯಾಪಾರಿಯೊಬ್ಬನ ದೊಡ್ಡಿಯಲ್ಲಿ ಪತ್ತೆಯಾಗಿದ್ದವು. ಮರಿ ಹಾಕಿ ಹಾಕಿ ಬೆಲೆ ಕಳೆದುಕೊಂಡ ತಾಯಂದಿರು ಅವು. ಮುಂದೆ ವಿಚಾರಣೆ ನಡೆದು 2010ರಲ್ಲಿ 33 ಕುದುರೆಗಳಿಗೆ ಸಂಬಂಧಿಸಿದ 33 ಆರೋಪಗಳಲ್ಲಿ ಆತ ತಪ್ಪಿತಸ್ಥನೆಂದು ತೀರ್ಪಾಯಿತು. ಎರಡು ವರ್ಷ ಜೈಲು, ಒಂದೊಂದು ಆರೋಪಕ್ಕೆ ಸಾವಿರ ಡಾಲರಿನಂತೆ 33 ಸಾವಿರ ಡಾಲರ್ ದಂಡ. ಆ ರಾಜ್ಯದ ಕಾನೂನು ಈ ಬಗೆಯ ಅಪರಾಧಕ್ಕೆ ಅದಕ್ಕಿಂತ ಹೆಚ್ಚು ಕಾಲ ಜೈಲಿಗೆ ಕಳುಹಿಸಲು ಅವಕಾಶ ಕೊಟ್ಟಿರಲಿಲ್ಲ.

ಪ್ರಕರಣ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬಹುದು. ಆದರೆ ಅದನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಬೇರೆಯದೇ ಪ್ರಶ್ನೆ. ಒಬ್ಬ ಮನುಷ್ಯನ ಕೈಯಲ್ಲಿ 177 ಕುದುರೆ ಹೇಗೆ ಸೇರಿದವು? ಒಂದೊಂದು ಮರಿ ಹುಟ್ಟಿದಾಗಲೂ ಅದರ ತಂದೆ ಯಾರು, ತಾಯಿ ಯಾರು, ಮೈಬಣ್ಣ ಯಾವುದು, ಹಣೆಯ ಮೇಲಿನ ಬಿಳಿ ಚುಕ್ಕೆ ಎಷ್ಟಗಲ ಎಂದು ಬರೆದುಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ರಕ್ತ ಪರೀಕ್ಷೆ, ವಂಶ ಪರೀಕ್ಷೆ ಎಲ್ಲವೂ ಇದ್ದವು. ಇಷ್ಟು ಕುದುರೆಗಳಿಗೆ ಮೇವು ಹಾಕುವವರು ಯಾರು ಎಂದು ಕೇಳುವ ಒಂದೇ ಒಂದು ಅಂಕಣ ಆ ದಾಖಲೆಯಲ್ಲಿ ಇರಲಿಲ್ಲ.

ಹಸಿವು ಎಂದರೆ ಕುದುರೆಯ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಶುವೈದ್ಯರು ಕುದುರೆಯ ಮೈಕಟ್ಟನ್ನು ಒಂದರಿಂದ ಒಂಬತ್ತರವರೆಗೆ ಅಳೆಯುತ್ತಾರೆ. 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನೆಕಿ ಎಂಬ ಸಂಶೋಧಕ ರೂಪಿಸಿದ ಅಳತೆ ಇದು. ಇದಕ್ಕೆ ಯಂತ್ರ ಬೇಡ, ಅಂಗೈ ಸಾಕು. ಕತ್ತು, ಹೆಗಲ ಮೇಲಿನ ದಿಬ್ಬ, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ ಹೀಗೆ ಆರು ಕಡೆ ಕೈಯಾಡಿಸಿ ನೋಡುತ್ತಾರೆ. ಐದು ಎಂದರೆ ಸರಿಯಾದ ಮೈಕಟ್ಟು: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ಒಂದು ಎಂದರೆ ಚರ್ಮದ ಕೆಳಗೆ ಕೊಬ್ಬು ಎಂಬುದೇ ಉಳಿದಿಲ್ಲ ಎಂದರ್ಥ. ಆ ಹಂತದಲ್ಲಿ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಹೃದಯವೂ ಮಾಂಸಖಂಡವೇ.

ಇಷ್ಟು ಸೊರಗಿದ ಕುದುರೆಯನ್ನು ರಕ್ಷಿಸಿದೆವು ಎಂದು ಸಂತೋಷದಿಂದ ಅದರ ಮುಂದೆ ಒಂದು ಬುಟ್ಟಿ ಕಾಳು ಸುರಿದರೆ ಅದು ಸಾಯಬಹುದು. ಪಿಷ್ಟ ಒಮ್ಮೆಲೇ ಒಳಗೆ ಹೋದಾಗ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳೊಳಗೆ ನುಗ್ಗುತ್ತವೆ, ಹೃದಯ ಮತ್ತು ಉಸಿರಾಟ ಕೈಕೊಡುತ್ತವೆ. ಮೇವು ಸಿಕ್ಕ ಮೂರರಿಂದ ಹತ್ತು ದಿನಗಳಲ್ಲಿ ಈ ಸಾವು ಬರುತ್ತದೆ. ಅದಕ್ಕೇ ಲೂಸರ್ನ್ ಮೇವನ್ನು, ಅಂದರೆ ನಮ್ಮ ರೈತರ ಕುದುರೆ ಮೆಂತ್ಯವನ್ನು, ಹಿಡಿಹಿಡಿಯಾಗಿ ನಾಲ್ಕು ನಾಲ್ಕು ಗಂಟೆಗೊಮ್ಮೆ ಹಗಲು ರಾತ್ರಿ ಕೊಡಬೇಕಾಗುತ್ತದೆ. ಒಂದು ಕುದುರೆಗೆ ಹೀಗೆ ಹತ್ತು ದಿನ ಎಚ್ಚರವಿದ್ದು ಮಾಡುವುದೇ ಕಷ್ಟ. ಇನ್ನು ಹತ್ತಾರು ಕುದುರೆಗಳಾದರೆ? ಆ ಖರ್ಚು, ಆ ನಿದ್ದೆಗೆಟ್ಟ ರಾತ್ರಿಗಳು ಯಾರ ಪಾಲಿಗೆ ಬರುತ್ತವೆ? ಹುಟ್ಟಿಸಿದವನ ಪಾಲಿಗಂತೂ ಬರುವುದಿಲ್ಲ. ಚಂದಾ ಎತ್ತಿ ನಡೆಯುವ ಸಂಘಗಳ ಪಾಲಿಗೆ, ಯಾವುದೋ ಊರಿನ ಕುದುರೆಪ್ರೇಮಿಗಳ ಪಾಲಿಗೆ ಬರುತ್ತವೆ.

ಈ ದಂಧೆಯ ಲೆಕ್ಕ ಹೀಗಿದೆ. ಹೆಣ್ಣು ಕುದುರೆ ಗಬ್ಬ ಕಟ್ಟಿ ಈಯುವುದಕ್ಕೆ ಹನ್ನೊಂದು ತಿಂಗಳು. ರೇಸ್ ಕುದುರೆಯ ಮರಿ ಒಂದು ವರ್ಷ ದಾಟುತ್ತಿದ್ದಂತೆ ಹರಾಜಿಗೆ ಹೋಗುತ್ತದೆ. ಬ್ರೀಡರ್‌ಗೆ ಬರಬೇಕಾದ ಹಣ ಬಹುತೇಕ ಅಲ್ಲಿಗೆ ಬಂದುಬಿಡುತ್ತದೆ. ಎರಡನೆಯ ವರ್ಷಕ್ಕೆ ಓಟ ಶುರು, ಐದಾರು ವರ್ಷ ತುಂಬುವಷ್ಟರಲ್ಲಿ ಬಹುಪಾಲು ಕುದುರೆಗಳ ಓಟ ಮುಗಿಯುತ್ತದೆ. ಕುದುರೆಯ ಆಯುಸ್ಸು ಮಾತ್ರ ಇಪ್ಪತ್ತೈದು, ಮೂವತ್ತು ವರ್ಷ. ಎಂದರೆ ಹಣ ಬರುವುದು ಮೊದಲ ಎರಡು ವರ್ಷದಲ್ಲಿ, ಖರ್ಚು ಉಳಿಯುವುದು ನಂತರದ ಇಪ್ಪತ್ತಕ್ಕೂ ಹೆಚ್ಚು ವರ್ಷ. ಲಾಭ ಪಡೆದವನಿಗೂ ಉಳಿದ ಆಯುಸ್ಸಿಗೂ ನಡುವೆ ಕಾನೂನಿನ ಎಳೆ ಒಂದೂ ಇಲ್ಲ. ಮಾರಾಟದ ಚೀಟಿಗೆ ಸಹಿ ಬಿದ್ದ ಕ್ಷಣ ಹುಟ್ಟಿಸಿದವನು ಬಿಡುಗಡೆಯಾಗುತ್ತಾನೆ. ಪ್ಯಾರಗ್ಯಾಲೊ ಸಿಕ್ಕಿಬಿದ್ದದ್ದು ತನ್ನ ಬೇಲಿಯೊಳಗೇ ಕುದುರೆಗಳನ್ನು ಹಸಿವಿಗೆ ಬಿಟ್ಟಿದ್ದರಿಂದ. ಅವನ್ನೆಲ್ಲ ಸಕಾಲದಲ್ಲಿ ಇನ್ನೊಬ್ಬರಿಗೆ ಮಾರಿ ಅಲ್ಲಿ ಅವು ಸೊರಗಿ ಸತ್ತಿದ್ದರೆ ಆತನ ಹೆಸರು ಯಾವ ಪೊಲೀಸ್ ದಾಖಲೆಗೂ ಬರುತ್ತಿರಲಿಲ್ಲ.

1986ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಒಂದೇ ವರ್ಷ 51 ಸಾವಿರದಷ್ಟು ಥರೋಬ್ರೆಡ್ ಮರಿಗಳು, ಅಂದರೆ ರೇಸಿಗೆ ಓಡಿಸುವ ತಳಿಯ ಮರಿಗಳು, ಹುಟ್ಟಿದ್ದವು. ಈಗ ಆ ಸಂಖ್ಯೆ 20 ಸಾವಿರಕ್ಕಿಂತ ಕೆಳಗಿಳಿದಿದೆ. ಆದರೆ ಇಷ್ಟು ವರ್ಷ ಹುಟ್ಟಿಸಿದ್ದೆಲ್ಲ ಎಲ್ಲಿ ಹೋಯಿತು? ಅಮೆರಿಕದ ಕೊನೆಯ ಮೂರು ಕುದುರೆ ಕಸಾಯಿಖಾನೆಗಳು, ಟೆಕ್ಸಾಸ್‌ನ ಎರಡು ಮತ್ತು ಇಲಿನಾಯ್‌ನ ಒಂದು, 2007ರಲ್ಲಿ ಮುಚ್ಚಿದವು. ಪ್ರಾಣಿಪ್ರಿಯರು ನಿಟ್ಟುಸಿರು ಬಿಟ್ಟರು. ಆದರೆ ಕುದುರೆಗಳ ಸಾಗಣೆ ನಿಲ್ಲಲಿಲ್ಲ. ಅವು ಲಾರಿ ಹತ್ತಿ ಮೆಕ್ಸಿಕೊಗೂ ಕೆನಡಾಕ್ಕೂ ಹೋಗತೊಡಗಿದವು. ಮುಂದಿನ ಕೆಲವು ವರ್ಷಗಳಲ್ಲಿ ಎಲ್ಲ ತಳಿಗಳೂ ಸೇರಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಕುದುರೆಗಳು ಹೀಗೆ ಗಡಿ ದಾಟಿದವು. ಹುಟ್ಟಿಗೆ ಕಡಿವಾಣ ಹಾಕದೆ ಸಾವಿನ ಬಾಗಿಲನ್ನಷ್ಟೇ ಮುಚ್ಚಿದ್ದರಿಂದ ಪಾಪದ ಪ್ರಾಣಿಗಳಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಸಾವಿರಾರು ಕಿಲೋಮೀಟರಿನ ಪ್ರಯಾಣ.

ಹುಟ್ಟಿಗೆ ಕಡಿವಾಣ ಹಾಕುವ ಪ್ರಯತ್ನ ಒಮ್ಮೆ ನಡೆಯಿತು. ಥರೋಬ್ರೆಡ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ, ಗಂಡು ಹೆಣ್ಣು ನೇರವಾಗಿ ಕೂಡಲೇಬೇಕು ಎಂಬುದು ಜಗತ್ತಿನಾದ್ಯಂತ ಇರುವ ನಿಯಮ. ಹಿಂದೆ ಒಂದು ಬೀಜದ ಕುದುರೆಗೆ ಒಂದು ಹಂಗಾಮಿನಲ್ಲಿ ನಲವತ್ತರ ಆಸುಪಾಸು ಹೆಣ್ಣು ಕುದುರೆಗಳನ್ನು ಬಿಡುತ್ತಿದ್ದರು. ಈಗ ಬೇಡಿಕೆಯ ಕುದುರೆಗೆ ಇನ್ನೂರಕ್ಕೂ ಹೆಚ್ಚು. ಕೆಲವೇ ಗಂಡುಗಳ ರಕ್ತ ಇಡೀ ತಳಿಯಲ್ಲಿ ತುಂಬಿಕೊಂಡರೆ ಒಳಸಂತಾನದ ದೋಷಗಳು ಹೆಚ್ಚುತ್ತವೆ ಎಂಬ ಆತಂಕದಿಂದ ಥರೋಬ್ರೆಡ್‌ಗಳ ವಂಶಾವಳಿ ನೋಂದಾಯಿಸುವ ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ ಒಂದು ನಿಯಮ ತಂದಿತು: 2020ರಲ್ಲಿ ಮತ್ತು ಆನಂತರ ಹುಟ್ಟುವ ಗಂಡು ಕುದುರೆಗಳಿಗೆ ವರ್ಷಕ್ಕೆ 140 ಹೆಣ್ಣುಗಳ ಮಿತಿ. ಕೆಂಟಕಿಯ ಮೂರು ದೊಡ್ಡ ಸ್ಟಡ್ ಫಾರ್ಮ್‌ಗಳು ನ್ಯಾಯಾಲಯಕ್ಕೆ ಹೋದವು. ಅಲ್ಲಿನ ಶಾಸಕಾಂಗದಲ್ಲೂ ವಿರೋಧ ಎದ್ದಿತು. 2022ರ ಫೆಬ್ರುವರಿಯಲ್ಲಿ ಕ್ಲಬ್ ತನ್ನ ನಿಯಮವನ್ನು ತಾನೇ ಹಿಂತೆಗೆದುಕೊಂಡಿತು. ಒಂದು ಕುದುರೆಯ ಮೇಲೂ ಜಾರಿಯಾಗುವ ಮೊದಲೇ ನಿಯಮ ಸತ್ತಿತು. 140 ಎಂಬುದೇನೂ ಕಠಿಣ ಮಿತಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದೇ ಉದ್ಯಮದ ಇನ್ನೊಂದು ಮೂಲೆಯ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಬೆಲೆಬಾಳುವ ಹೆಣ್ಣು ಕುದುರೆ ಈದಾಗ ಸತ್ತರೆ, ಅಥವಾ ಮರಿಯನ್ನು ಹತ್ತಿರ ಸೇರಿಸದಿದ್ದರೆ, ಆ ಮರಿಗೆ ಹಾಲೂಡಿಸಲು ಬಾಡಿಗೆಯ ತಾಯಿಯನ್ನು ತರುತ್ತಾರೆ. ಈ ಬಾಡಿಗೆ ತಾಯಿಗೆ ಕೆಚ್ಚಲಲ್ಲಿ ಹಾಲು ಬರಬೇಕಾದರೆ ಅವಳೂ ಈದಿರಬೇಕಲ್ಲ? ಹಾಗಾಗಿ ಹಾಲಿಗೋಸ್ಕರವೇ ಕೆಲವು ಸಾಮಾನ್ಯ ತಳಿಯ ಕುದುರೆಗಳನ್ನು ವರ್ಷವರ್ಷವೂ ಗಬ್ಬ ಮಾಡಿಸುತ್ತಾರೆ. ಅವಳ ಸ್ವಂತ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಯಾಗುತ್ತದೆ. ಕೆಂಟಕಿಯಲ್ಲಿ ಹೀಗೆ ತಬ್ಬಲಿಯಾದ ಮರಿಗಳಿಗೆ ಬಾಟಲಿ ಹಾಲು ಕುಡಿಸಿ ಬದುಕಿಸುವ ಸಂಘಗಳೇ ಹುಟ್ಟಿಕೊಂಡಿವೆ. ನಮ್ಮ ಹಳ್ಳಿಗಳಲ್ಲಿ ಕರು ಸತ್ತ ಹಸು ಹಟ್ಟಿಯ ಮೂಲೆ ಮೂಲೆ ಮೂಸಿ ಕೂಗುವುದನ್ನು ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೇಜವಾಬ್ದಾರಿ ಎಂದರೆ ಮೇವು ಹಾಕದಿರುವುದಷ್ಟೇ ಎಂದು ತಿಳಿಯುವುದೂ ತಪ್ಪು. ಹೊಟ್ಟೆ ತುಂಬ ತಿನ್ನಿಸಿ, ಮೈ ಮಿರಿಮಿರಿ ಮಿಂಚುವಂತೆ ಸಾಕಿ, ರೋಗವನ್ನೇ ತಳಿಗೆ ಬೆರೆಸಿದವರೂ ಇದ್ದಾರೆ. ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಎಂಬ ಗಂಡು ಕುದುರೆಯ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಹುರಿಗಟ್ಟಿದ ಅದರ ಮಾಂಸಖಂಡಗಳನ್ನು ಕಂಡು ಪ್ರದರ್ಶನಗಳ ತೀರ್ಪುಗಾರರು ಬೆರಗಾದರು, 1974ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕಟ್ಟಿದರು. ಎರಡು ಸಾವಿರಕ್ಕೂ ಹೆಚ್ಚು ಮರಿಗಳಿಗೆ ಅದು ತಂದೆಯಾಯಿತು. ಆ ಮರಿಗಳಲ್ಲಿ, ಮೊಮ್ಮಕ್ಕಳಲ್ಲಿ ವಿಚಿತ್ರ ಕಾಯಿಲೆ ಕಾಣಿಸತೊಡಗಿತು. ಮೈ ಅದುರುವುದು, ಹಿಂಗಾಲು ಸೋತು ಕುಸಿಯುವುದು, ಕೆಲವೊಮ್ಮೆ ನಿಂತಲ್ಲೇ ಸಾವು. 1992ರಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. ಮಾಂಸಖಂಡದ ಜೀವಕೋಶಗಳಿಗೆ ಸೋಡಿಯಂ ಒಳಬಿಡುವ ಬಾಗಿಲನ್ನು ಕೆಡಿಸುವ ಒಂದು ವಂಶವಾಹಿ ದೋಷ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಸ್ನಾಯು ಕೈಕೊಡುತ್ತದೆ. ತಂದೆ ಅಥವಾ ತಾಯಿ, ಯಾರಾದರೂ ಒಬ್ಬರಿಂದ ಬಂದರೂ ಸಾಕು, ಕಾಯಿಲೆ ಕಾಣಿಸಿಕೊಳ್ಳಬಹುದು.

ಪರೀಕ್ಷೆ ಸಿಕ್ಕಿತು, ಇನ್ನು ಈ ದೋಷವಿರುವ ಕುದುರೆಗಳನ್ನು ಸಂತಾನಕ್ಕೆ ಬಳಸುವುದು ನಿಲ್ಲುತ್ತದೆ ಎಂದು ಯಾರಾದರೂ ಊಹಿಸಿಯಾರು. ನಿಲ್ಲಲಿಲ್ಲ. ಆ ಮೈಕಟ್ಟಿಗೇ ಬಹುಮಾನ ಬರುತ್ತಿದ್ದುದರಿಂದ ಗೊತ್ತಿದ್ದೂ ಹುಟ್ಟಿಸಿದರು. ತಳಿ ಸಂಘ ಎರಡೂ ಕಡೆಯಿಂದ ದೋಷ ಪಡೆದ ಮರಿಗಳನ್ನು ನೋಂದಾಯಿಸುವುದಿಲ್ಲ ಎಂದು ಹೇಳುವ ಹೊತ್ತಿಗೆ 2007 ಬಂದಿತ್ತು. ಒಂದೇ ಕಡೆಯಿಂದ ಪಡೆದ ಮರಿಗಳಿಗೆ ಬಾಗಿಲು ತೆರೆದೇ ಉಳಿಯಿತು. ಕಾರಣ ತಿಳಿದ ಮೇಲಿನ ಹದಿನೈದು ವರ್ಷಗಳಲ್ಲಿ ಹುಟ್ಟಿ ನಡುಗಿ ಬಿದ್ದ ಒಂದೊಂದು ಮರಿಯೂ ಯಾರದೋ ತಿಳಿದೂ ಮಾಡಿದ ನಿರ್ಧಾರದ ಫಲ. ಅರಬ್ ಕುದುರೆಗಳ ಪ್ರದರ್ಶನ ಲೋಕದಲ್ಲೂ ಇದೇ ಹುಚ್ಚಿದೆ. ಅಲ್ಲಿ ಮೂಗಿನ ಸೇತುವೆ ಒಳಗೆ ಬಾಗಿದಷ್ಟೂ ಚೆಲುವು ಎಂಬ ನಂಬಿಕೆ. 2017ರಲ್ಲಿ ಮುಖವೇ ತಗ್ಗಾಗಿ ಒತ್ತಿದಂತಿದ್ದ ಒಂದು ಮರಿಯ ಚಿತ್ರ ಹೊರಬಂದಾಗ ಪಶುವೈದ್ಯರು ಗಟ್ಟಿಯಾಗಿಯೇ ಆಕ್ಷೇಪಿಸಿದರು. ಕುದುರೆ ಬಾಯಿಯಿಂದ ಉಸಿರಾಡಲಾರದು. ಮೂಗೊಂದೇ ಅದಕ್ಕೆ ದಾರಿ. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಯ ಉಸಿರಿನ ದಾರಿಯನ್ನು ಅಂದಕ್ಕಾಗಿ ಕಿರಿದು ಮಾಡುವುದನ್ನು ನಾನು ಕ್ರೌರ್ಯ ಎಂದೇ ಕರೆಯುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ಕುದುರೆ ತಳಿ ಬೆಳೆಸುವ ವಿಷಯದಲ್ಲಿ ಕನ್ನಡನಾಡು ಹೊರಗಿನದೇನೂ ಅಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ಮುಂದೆ ದೇಶದ ಹೆಸರಾಂತ ಸ್ಟಡ್ ಫಾರ್ಮ್ ಆಯಿತು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ರೇಸ್ ಕೋರ್ಸ್‌ಗಳಿವೆ. ಥರೋಬ್ರೆಡ್ ಕುದುರೆಗಳ ವಂಶದ ಲೆಕ್ಕ ಇಡುವ ಸ್ಟಡ್ ಬುಕ್ ಪ್ರಾಧಿಕಾರ ಪುಣೆಯಲ್ಲಿದೆ. ಇಂಗ್ಲೆಂಡಿನಲ್ಲಿ 1791ರಲ್ಲಿ ಶುರುವಾದ ವಂಶಾವಳಿ ಪುಸ್ತಕದ ಸಂಪ್ರದಾಯವೇ ಇಲ್ಲಿಗೂ ಬಂದಿದೆ. ಇವತ್ತು ಹುಟ್ಟಿದ ಮರಿಯ ಗಂಡು ಮೂಲವನ್ನು ಮುನ್ನೂರು ವರ್ಷ ಹಿಂದಿನ ಮೂರು ಕುದುರೆಗಳಲ್ಲಿ ಒಂದರವರೆಗೆ ಬೆರಳಿಟ್ಟು ತೋರಿಸಬಹುದು. ಓಟ ಬಿಟ್ಟು ಮೂರು ವರ್ಷವಾದ ಕುದುರೆ ಈಗ ಯಾವ ಊರಿನಲ್ಲಿದೆ ಎಂದು ಕೇಳಿದರೆ ಆ ಪುಸ್ತಕ ಬಾಯಿ ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಪರಿಚಯದವರೊಬ್ಬರ ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಹೊರಗೆ ವರನ ಮೆರವಣಿಗೆಗೆಂದು ತಂದ ಹೆಣ್ಣು ಕುದುರೆಯೊಂದು ನಿಂತಿತ್ತು. ಬೆನ್ನ ಮೇಲೆ ಜರತಾರಿಯ ಹೊದಿಕೆ, ಹಣೆಗೆ ಕುಚ್ಚು, ಕಾಲಿಗೆ ಗೆಜ್ಜೆ. ಹತ್ತು ಅಡಿ ದೂರದಲ್ಲಿ ಬ್ಯಾಂಡ್‌ಸೆಟ್ ಕಿವಿಗಡಚಿಕ್ಕುವಂತೆ ಬಾರಿಸುತ್ತಿದ್ದರೂ ಅದು ಕಿವಿ ಸಹ ಅಲುಗಿಸದೆ ಒಂದು ಹಿಂಗಾಲನ್ನು ಎತ್ತಿ ಗೊರಸಿನ ತುದಿಯಲ್ಲಿ ಊರಿಕೊಂಡು ನಿಂತಿತ್ತು. ಮಾಲೀಕನನ್ನು ಕೇಳಿ ಹೊದಿಕೆಯ ಕೆಳಗೆ ಕೈ ತೂರಿಸಿದೆ. ಬೆರಳುಗಳು ಒಂದೊಂದು ಪಕ್ಕೆಲುಬಿನ ನಡುವಿನ ಸಂದಿಗೆ ಇಳಿದವು. ಹೊದಿಕೆಗೆ ಹೊರಗಿನಿಂದ ಅಷ್ಟು ಅಂದ ಬರುವುದಕ್ಕೆ ಒಳಗೆ ಮೂಳೆಗಳೇ ಆಸರೆಯಾಗಿದ್ದವು. ಅಂಗೈ ತೆಗೆದಾಗ ಬೆವರು, ಧೂಳು, ಬೇವಿನೆಣ್ಣೆಯ ವಾಸನೆ. ಗಾಯಕ್ಕೆ ಎಣ್ಣೆ ಹಚ್ಚಿದ್ದನೇನೋ.

ಮಾಲೀಕ ಕೆಟ್ಟವನಾಗಿರಲಿಲ್ಲ. ಹುರಳಿಯ ಬೆಲೆ ಏರಿದೆ ಸಾರ್, ಮದುವೆ ಹಂಗಾಮು ಬಿಟ್ಟರೆ ದುಡಿಮೆ ಇಲ್ಲ, ಆಷಾಢದಲ್ಲಿ ಹುಲ್ಲೇ ಗತಿ ಎಂದ. ಇದಕ್ಕೆ ಎಷ್ಟು ವಯಸ್ಸು ಎಂದು ಕೇಳಿದ್ದಕ್ಕೆ ತುಟಿ ಎತ್ತಿ ಹಲ್ಲು ತೋರಿಸಿದ. ಎಲ್ಲಿ ಹುಟ್ಟಿದ್ದು ಎಂದು ಕೇಳಿದೆ. ತನಗೆ ಮಾರಿದವನು ಇನ್ನೊಬ್ಬನಿಂದ ಕೊಂಡಿದ್ದನಂತೆ, ಅವನು ಜಾತ್ರೆಯಿಂದ ತಂದಿದ್ದನಂತೆ, ಅದಕ್ಕೂ ಮೊದಲು ರೇಸಿಗೆ ಓಡುತ್ತಿತ್ತೆಂದು ಯಾರೋ ಹೇಳಿದ್ದರಂತೆ. ಉದ್ದ ಕಾಲು, ತೆಳು ಚರ್ಮ ನೋಡಿದರೆ ಅದು ನಿಜವಿರಬಹುದು ಎನಿಸಿತು. ನಾಲ್ಕು ಕೈ ದಾಟುವಷ್ಟರಲ್ಲಿ ಅದರ ಹೆಸರೂ ಹೋಗಿತ್ತು, ಹುಟ್ಟಿಸಿದವರ ಹೆಸರೂ ಹೋಗಿತ್ತು. ಪ್ರಾಣಿ ಹಿಂಸೆಯ ದೂರು ಕೊಟ್ಟರೆ ಆ ರಾತ್ರಿ ಠಾಣೆಗೆ ಹೋಗಬೇಕಾದವನು ಈ ಬಡಪಾಯಿ ಒಬ್ಬನೇ.

ದೂರು ಕೊಟ್ಟರೂ ಆಗುವುದೇನು? ನಮ್ಮಲ್ಲಿ ಇರುವುದು 1960ರ ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಂ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದನ್ನೂ, ಹಸಿವಿನಿಂದ ನರಳುವಂತೆ ಬಿಟ್ಟುಹೋಗುವುದನ್ನೂ ಅಪರಾಧ ಎಂದು ಸ್ಪಷ್ಟವಾಗಿ ಹೇಳುತ್ತದೆ. ಮಾತು ಚೆನ್ನಾಗಿದೆ. ಶಿಕ್ಷೆ ಏನು ಗೊತ್ತೆ? ಮೊದಲ ಅಪರಾಧಕ್ಕೆ ಹತ್ತರಿಂದ ಐವತ್ತು ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ನ್ಯೂಯಾರ್ಕಿನ ಆ 33 ಆರೋಪಗಳು ಇಲ್ಲಿ ಸಾಬೀತಾಗಿದ್ದರೆ, ಒಂದೊಂದು ಕುದುರೆಗೂ ಗರಿಷ್ಠ ದಂಡವನ್ನೇ ಹಾಕಿದರೂ ಒಟ್ಟು 1,650 ರೂಪಾಯಿ. ಆ ದುಡ್ಡಿಗೆ ಇವತ್ತು ಒಂದೋ ಎರಡೋ ಮೂಟೆ ಬೂಸಾ ಬರಬಹುದು. ಸುಮಾರು ಒಂಬತ್ತು ಕಿಲೋ ಮೇವು ದಿನಕ್ಕೆ ಬೇಕಾದ ಪ್ರಾಣಿಯನ್ನು ಹಸಿವಿನಿಂದ ಕೊಲ್ಲುವುದು ಅದನ್ನು ಸಾಕುವುದಕ್ಕಿಂತ ಅಗ್ಗ ಎಂದು ನಮ್ಮ ಕಾನೂನೇ ಲೆಕ್ಕ ಹಾಕಿ ಕೊಟ್ಟಂತಾಗಿದೆ.

ಜಲ್ಲಿಕಟ್ಟು ಕುರಿತ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ದಂಡ ಏನೇನೂ ಸಾಲದು, ಸಂಸತ್ತು ಕಾಯ್ದೆಗೆ ತಿದ್ದುಪಡಿ ತರಬೇಕು ಎಂದು ಹೇಳಿತ್ತು. ಹಸಿವು ಬಾಯಾರಿಕೆಯಿಂದ, ನೋವು ಭಯದಿಂದ ಮುಕ್ತವಾಗಿ ಬದುಕುವುದು ಪ್ರಾಣಿಗಳಿಗೆ ಸಲ್ಲಬೇಕಾದದ್ದು ಎಂದೂ ಹೇಳಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡನ್ನು ಜನರ ಅಭಿಪ್ರಾಯಕ್ಕೆ ಇಟ್ಟಿತು. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ ಐದು ವರ್ಷದವರೆಗೆ ಶಿಕ್ಷೆ ಇದೆ ನಿಜ. ಆದರೆ ನಿಧಾನವಾಗಿ ಹಸಿವಿನಿಂದ ಸೊರಗಿಸುವುದನ್ನು ಆ ಕಲಮಿನೊಳಗೆ ತಂದು ಸಾಬೀತು ಮಾಡುವುದು ಸುಲಭವಲ್ಲ.

2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಮಧ್ಯಪ್ರದೇಶದ ಜಬಲ್‌ಪುರದ ಬಳಿಯ ಹಳ್ಳಿಯೊಂದಕ್ಕೆ 57 ಕುದುರೆಗಳನ್ನು ಸಾಗಿಸಲಾಯಿತು. ಏಪ್ರಿಲ್ ಕೊನೆ, ಮೇ ಮೊದಲ ವಾರ. ದಖನ್ನಿನ ಬಿಸಿಲು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಕೆಲವೇ ದಿನಗಳಲ್ಲಿ ಎಂಟು ಕುದುರೆಗಳು ಸತ್ತವು, ಸಾವು ಅಲ್ಲಿಗೆ ನಿಲ್ಲಲೂ ಇಲ್ಲ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ತಪ್ಪು ಯಾರದೆಂದು ನಾನಿಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಆ ಸುದ್ದಿಗಳನ್ನು ಓದುವಾಗ ಕಣ್ಣಿಗೆ ಹೊಡೆದದ್ದು ಒಂದು. ಮಾಲೀಕರು ಯಾರು, ಸಾಗಿಸಿದವರು ಯಾರು, ಈಗ ಯಾರ ವಶದಲ್ಲಿವೆ ಎಂಬುದರ ಮೇಲೆಯೇ ಚರ್ಚೆಯೆಲ್ಲ ನಡೆಯಿತು. ಅಷ್ಟು ಕುದುರೆಗಳು ಯಾರ ಲಾಯಗಳಲ್ಲಿ ಹುಟ್ಟಿದವು, ಅವರಿಗೆ ಏನಾದರೂ ಬಾಧ್ಯತೆ ಇದೆಯೇ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಹೊಣೆಯನ್ನು ಹುಟ್ಟಿನಿಂದಲೇ ಕಟ್ಟಿಹಾಕುವುದು ಸಾಧ್ಯವೇ ಎಂದು ಕೇಳುವವರಿಗೆ ಕೆಲವು ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರ್‌ನಿಂದ ಎಲ್ಲ ಕುದುರೆ, ಕತ್ತೆಗಳಿಗೂ ಮೈಕ್ರೋಚಿಪ್ ಕಡ್ಡಾಯ. ಅಕ್ಕಿಕಾಳಿನಷ್ಟು ಚಿಕ್ಕದಾದ ಚಿಪ್ಪನ್ನು ಕತ್ತಿನ ಎಡಭಾಗದಲ್ಲಿ, ಅಯಾಲಿನ ಸ್ವಲ್ಪ ಕೆಳಗೆ ಸೂಜಿಯಿಂದ ಇಳಿಸುತ್ತಾರೆ. ಬೀದಿಯಲ್ಲಿ ಬಿಟ್ಟುಹೋದ ಕುದುರೆಯ ಕತ್ತಿನ ಬಳಿ ಯಂತ್ರ ಹಿಡಿದರೆ ಸಂಖ್ಯೆ ಸಿಗುತ್ತದೆ. ನ್ಯೂಯಾರ್ಕ್ ರಾಜ್ಯ 2021ರ ಕೊನೆಗೆ ರೇಸ್ ಕುದುರೆಗಳನ್ನೂ ಅವುಗಳ ಸಂತಾನಕ್ಕೆ ಬಳಸಿದ ಕುದುರೆಗಳನ್ನೂ ಕಸಾಯಿಗೆ ಮಾರುವುದನ್ನು ನಿಷೇಧಿಸಿತು. ಪ್ಯಾರಗ್ಯಾಲೊನ ಆ ತಾಯಿಕುದುರೆಗಳಿಗೆ ಈ ಕಾನೂನು ಹನ್ನೆರಡು ವರ್ಷ ತಡವಾಗಿ ಬಂತು.

ಚಿಪ್ ಒಂದೇ ಸಾಲದು ಎಂಬುದಕ್ಕೂ ಸಾಕ್ಷಿ ಇದೆ. ಕುದುರೆಗಳ ದೇಶವೆಂದೇ ಹೆಸರಾದ ಐರ್ಲೆಂಡಿನಲ್ಲಿ 2024ರ ಜೂನ್‌ನಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಸಂಸ್ಥೆ ಆರ್‌ಟಿಇ ಕಿಲ್ಡೇರ್ ಕೌಂಟಿಯ ಕುದುರೆ ಕಸಾಯಿಖಾನೆಯ ಆವರಣದಲ್ಲಿ ಗುಪ್ತ ಕ್ಯಾಮೆರಾದಿಂದ ಸೆರೆಹಿಡಿದ ದೃಶ್ಯಗಳನ್ನು ಪ್ರಸಾರ ಮಾಡಿತು. ಕುದುರೆಗಳನ್ನು ಹೊಡೆಯುವುದು ಕಂಡಿತು, ಚಿಪ್ ಬದಲಿಸಿ ಗುರುತನ್ನೇ ತಿರುಚುವ ಜಾಲದ ಸಂಶಯವೂ ಎದ್ದಿತು. ಚಿಪ್ಪಿನ ಸಂಖ್ಯೆಯನ್ನು ಮಾರಾಟದ ಹಂತ ಹಂತದಲ್ಲೂ ದಾಖಲಿಸದಿದ್ದರೆ, ದಾಖಲೆಯನ್ನು ಸ್ಥಳಕ್ಕೆ ಹೋಗಿ ತಾಳೆ ನೋಡುವವರಿಲ್ಲದಿದ್ದರೆ, ಅದು ಚರ್ಮದ ಕೆಳಗಿನ ಒಂದು ಗಾಜಿನ ಚೂರು ಅಷ್ಟೆ.

ಪ್ರಾಮಾಣಿಕವಾಗಿ ಕುದುರೆ ಸಾಕುವವರು ಇಲ್ಲವೇ? ಖಂಡಿತ ಇದ್ದಾರೆ. ಮರಿಯನ್ನು ಮಾರಿದ ಮೇಲೂ ವರ್ಷಕ್ಕೊಮ್ಮೆ ವಿಚಾರಿಸುವವರು, ಓಟ ಬಿಟ್ಟ ಕುದುರೆಯನ್ನು ವಾಪಸ್ ತಂದು ತಮ್ಮ ಹುಲ್ಲುಗಾವಲಿನಲ್ಲಿಯೇ ಮುದಿಯಾಗಲು ಬಿಡುವವರು ನಮ್ಮ ದೇಶದಲ್ಲೂ ಇದ್ದಾರೆ. ನಿಯಮ ಬಂದರೆ ಅವರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಇವತ್ತಿನ ಸ್ಥಿತಿಯಲ್ಲಿ ಅವರು ತಮ್ಮ ಜೇಬಿನಿಂದ ಖರ್ಚು ಮಾಡುತ್ತಾರೆ, ಹೊಣೆ ಜಾರಿಸಿದವನು ಅದೇ ಹರಾಜಿನಲ್ಲಿ ಅವರ ಪಕ್ಕ ನಿಂತು ಅಷ್ಟೇ ಬೆಲೆಗೆ ಮರಿ ಮಾರುತ್ತಾನೆ. ದೇಶದಲ್ಲಿ ಕುದುರೆಗಳ ಸಂಖ್ಯೆ ಅಷ್ಟೇನೂ ದೊಡ್ಡದಲ್ಲ ಎಂಬುದನ್ನೂ ಮರೆಯಬಾರದು. 2012ರ ಜಾನುವಾರು ಗಣತಿಯಲ್ಲಿ ಕುದುರೆ, ತಟ್ಟುಗಳು ಸೇರಿ 6.25 ಲಕ್ಷ ಇದ್ದದ್ದು 2019ಕ್ಕೆ 3.4 ಲಕ್ಷಕ್ಕೆ ಇಳಿದಿತ್ತು. ಕೋಟಿಗಟ್ಟಲೆ ದನಕರುಗಳ ಕಿವಿಗೆ ಸಂಖ್ಯೆಯ ಓಲೆ ತೊಡಿಸಿದ ದೇಶಕ್ಕೆ ಮೂರು ನಾಲ್ಕು ಲಕ್ಷ ಕುದುರೆಗಳ ಲೆಕ್ಕ ಇಡುವುದು ಆಗದ ಕೆಲಸವೇನಲ್ಲ.

ನಾಯಿಗಳ ವಿಷಯದಲ್ಲಿ ನಾವು ಆಗಲೇ ಇದನ್ನು ಮಾಡಿದ್ದೇವೆ. 2017ರ ನಾಯಿ ತಳಿ ಸಂವರ್ಧನೆ ನಿಯಮಗಳ ಪ್ರಕಾರ ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಸಂತಾನಕ್ಕೆ ಬಳಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸುವಂತಿಲ್ಲ. ಹುಟ್ಟಿದ, ಮಾರಿದ, ಸತ್ತ ಮರಿಗಳ ಪುಸ್ತಕ ಇಡಬೇಕು, ತಪಾಸಣೆಗೆ ಬಂದವರಿಗೆ ತೋರಿಸಬೇಕು. ಜಾರಿ ಎಷ್ಟಾಗಿದೆ ಎಂಬುದು ಬೇರೆ ಮಾತು. ನಿಯಮವಂತೂ ಪುಸ್ತಕದಲ್ಲಿದೆ, ಅದನ್ನು ಹಿಡಿದು ದೂರು ಕೊಡಲು ಬರುತ್ತದೆ. ಕುದುರೆ ಹುಟ್ಟಿಸುವವರಿಗೆ ಅಂಥದ್ದೊಂದು ನಿಯಮವಿಲ್ಲ.

ಮೊದಲು ಬೇಕಾದದ್ದು ಬ್ರೀಡರ್‌ಗಳ ನೋಂದಣಿ. ಎಷ್ಟು ಮೇವಿನ ಜಾಗ, ಎಷ್ಟು ನೀರು, ಎಷ್ಟು ಆಳುಗಳು ಇದ್ದಾರೆಂದು ನೋಡಿ, ಎಷ್ಟು ಹೆಣ್ಣು ಕುದುರೆಗಳನ್ನು ಸಂತಾನಕ್ಕೆ ಇಟ್ಟುಕೊಳ್ಳಬಹುದು ಎಂದು ನಿಗದಿ ಮಾಡುವ ನೋಂದಣಿ. ಹುಟ್ಟಿದ ಪ್ರತಿ ಮರಿಗೂ ಆರು ತಿಂಗಳೊಳಗೆ ಚಿಪ್, ಕೈ ಬದಲಾದಾಗಲೆಲ್ಲ ದಾಖಲೆ. ಗೊತ್ತಿರುವ ವಂಶವಾಹಿ ದೋಷಗಳಿಗೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕೊಳ್ಳುವವರ ಕೈಗೆ ಕೊಡುವುದು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ಮರಿ ಮಾರಾಟವಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ಅದೇ ಕುದುರೆಯ ಮುಪ್ಪಿನ ಕಾಲಕ್ಕೆಂದು ಕಟ್ಟಿಸಿಕೊಳ್ಳುವುದು. ಕೊಳ್ಳುವವನೂ ಕೊಡಲಿ, ರೇಸ್ ಕ್ಲಬ್‌ಗಳೂ ಕೊಡಲಿ. ಆದರೆ ಮೊದಲ ಕಂತು ಹುಟ್ಟಿಸಿದವನದೇ ಆಗಿರಬೇಕು. ಆಗ ತುಮಕೂರಿನ ಆ ಮಾಲೀಕನಂಥವನು ಆಷಾಢದಲ್ಲಿ ಮೇವಿಗೆ ಕೈಚಾಚಲು ಒಂದು ಜಾಗವಾದರೂ ಇರುತ್ತದೆ. ಇನ್ನು ಸಾಕಲಾರೆ ಎಂದಾದಾಗ ಕುದುರೆಯನ್ನು ಬಿಟ್ಟುಕೊಡಲು ಬೀದಿಯ ಬದಲು ಒಂದು ಲಾಯವಿರುತ್ತದೆ.

ಇದಕ್ಕೆ ಸಂಸತ್ತಿನಲ್ಲಿ ಹೊಸ ಮಸೂದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ದಂಡದ ಮೊತ್ತ ಏರಿಸಬೇಕಾದರೆ ಕಾಯ್ದೆಯ ತಿದ್ದುಪಡಿಯೇ ಆಗಬೇಕು ನಿಜ. ಆದರೆ ನೋಂದಣಿ, ಚಿಪ್, ತಪಾಸಣೆಗೆ ಅದರ ಅಗತ್ಯವಿಲ್ಲ. 1960ರ ಕಾಯ್ದೆಯ 38ನೇ ಕಲಂ ಕೇಂದ್ರ ಸರ್ಕಾರಕ್ಕೆ ನಿಯಮ ರೂಪಿಸುವ ಅಧಿಕಾರ ಕೊಟ್ಟಿದೆ. ನಾಯಿ ಬ್ರೀಡರ್‌ಗಳ ನಿಯಮ ಬಂದದ್ದು ಆ ಕಲಮಿನ ಅಡಿಯಲ್ಲೇ. ಕರಡು ಹೊರಡಿಸಿ, ಆಕ್ಷೇಪಣೆ ಕೇಳಿ, ಗೆಜೆಟ್‌ನಲ್ಲಿ ಪ್ರಕಟಿಸುವುದು ಕೆಲವು ತಿಂಗಳ ಕೆಲಸ. ಹೆಚ್ಚು ಕಡಿಮೆ ಒಂದು ಮರಿ ತಾಯಿಯ ಹೊಟ್ಟೆಯಲ್ಲಿರುವಷ್ಟೇ ಕಾಲ.